ಪ್ರತಿಕ್ರಿಯೆ: ಅಲಿಕಾಂತೆಯಲ್ಲಿ ಬೊಂಬೆ ಸುಡುವುದು ಯಾಕೆ?

ಸ್ಪೇನಿನ ಅಲಿಕಾಂತೆಯಲ್ಲಿ ಅಷ್ಟು ಚೆಂದದ ಬೊಂಬೆಗಳನ್ನು ಯಾಕೆ ಸುಡುತ್ತಾರೆ ಅಂತ ಕೇಳಿದ್ದೀರಿ. ಸುಮ್ನೆ ಅಲ್ಲ. ಸಂತ ಯೋಹಾನನ ಹಬ್ಬಕ್ಕೆ ಹಳೇ ಸಾಮಾನು ರಾಶಿ ಹಾಕಿ ಬೆಂಕಿ ಹಚ್ಚುವುದು ಅಲ್ಲಿ ಹಿಂದಿನಿಂದಲೂ ಇತ್ತು. ವೆಲೆನ್ಸಿಯಾ ನಗರದಲ್ಲಿ ಬೊಂಬೆ ಕಟ್ಟಿ ಸುಡುವ ಫಾಯಾಸ್ ಹಬ್ಬದ ಹಾಗೆ ಇಲ್ಲೂ ಬೊಂಬೆ ಕಟ್ಟೋಣ ಎಂದವರು ಹೋಸೆ ಮರಿಯಾ ಪಿ. ಅದು 1928ರಲ್ಲಿ.

ಜೂನ್ 24ರ ನಡುರಾತ್ರಿ ಬೆನಾಕಾಂತಿಲ್ ಗುಡ್ಡದ ಮೇಲೆ ತಾಳೆಮರದಂತೆ ಬಿರುಸು ಅರಳುತ್ತದೆ. ಆಮೇಲೆ ಬೀದಿಬೀದಿಯಲ್ಲಿ ಬೆಂಕಿ! ಸೆಕೆಗೆ ಬೆಂದ ಜನ ನೀರು ಹಾಕಿ ಅಂತ ಕೂಗುತ್ತಾರೆ, ಅಗ್ನಿಶಾಮಕದವರು ಪೈಪು ತಿರುಗಿಸಿ ಎಲ್ಲರನ್ನೂ ತೋಯಿಸುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಅಂದ ಹಾಗೆ, ಎಲ್ಲವನ್ನೂ ಸುಡುವುದಿಲ್ಲ. ಜನರ ಮತದಿಂದ ಉಳಿದ ಬೊಂಬೆಗಳು ಅಲ್ಲಿನ ಮ್ಯೂಸಿಯಂನಲ್ಲಿವೆ.