ಮಾಜಿ ಸೈನಿಕರ ಮನಸ್ಸಿನ ಗಾಯಕ್ಕೆ ಕುದುರೆ ಚಿಕಿತ್ಸೆ: ಇದರಲ್ಲಿ ಹುರುಳಿದೆಯೇ?

ಸೇನೆಯಿಂದ ನಿವೃತ್ತರಾಗಿ ಬಂದ ನಿಮ್ಮ ಅಣ್ಣ ರಾತ್ರಿ ನಿದ್ದೆ ಮಾಡುವುದಿಲ್ಲ, ಪಟಾಕಿ ಸದ್ದಿಗೆ ಬೆಚ್ಚಿಬೀಳುತ್ತಾರೆ, ಡಾಕ್ಟರ ಹತ್ತಿರ ಬರಲು ಒಪ್ಪುವುದಿಲ್ಲ ಎಂದು ಬರೆದಿದ್ದೀರಿ. ಅಮೆರಿಕದಲ್ಲಿ ಇಂಥವರಿಗೆ ಕುದುರೆಗಳ ಮೂಲಕ ಚಿಕಿತ್ಸೆ ಕೊಡುತ್ತಾರಂತೆ, ಅದು ನಿಜವೋ ಇಲ್ಲಾ ದುಡ್ಡಿದ್ದವರ ಶೋಕಿಯೋ ಎಂದು ಕೇಳಿದ್ದೀರಿ. ನಿಜವೇ. ಆದರೆ ವಿಡಿಯೊಗಳಲ್ಲಿ ಕಾಣುವ ಪವಾಡವಲ್ಲ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮಾಜಿ ಸೈನಿಕರು ಬರುವ ಒಂದು ಕುದುರೆ ಕೇಂದ್ರದಲ್ಲಿ ವಾರಾಂತ್ಯಕ್ಕೆ ಸ್ವಯಂಸೇವೆ ಮಾಡುತ್ತೇನೆ. ಲದ್ದಿ ಬಾಚುವುದು, ನೀರು ತುಂಬುವುದು, ಕುದುರೆಯ ಹಗ್ಗ ಹಿಡಿದು ನಿಲ್ಲುವುದು ನನ್ನ ಕೆಲಸ. ವೈದ್ಯೆಯಲ್ಲ, ಹಾಗಾಗಿ ಕಂಡದ್ದನ್ನು ಮತ್ತು ಓದಿ ತಿಳಿದದ್ದನ್ನು ಮಾತ್ರ ಹೇಳುತ್ತೇನೆ.

ಇಲ್ಲಿ ಸಾಮಾನ್ಯವಾಗಿ ಯಾರೂ ಕುದುರೆ ಹತ್ತುವುದಿಲ್ಲ. ಸವಾರಿಯಿಂದ ದೇಹಕ್ಕೆ ಕಸುವು ತುಂಬುವ ಚಿಕಿತ್ಸೆ ಬೇರೆಯೇ ಇದೆ. ಪೋಲಿಯೊದಿಂದ ಕಾಲಿನ ಶಕ್ತಿ ಕುಂದಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದ ಮೇಲೆ ಅದು ಜನರ ಕಣ್ಣಿಗೆ ಬಿತ್ತು. ಯುದ್ಧದ ಆಘಾತಕ್ಕೆ ಮಾಡುವ ಕೆಲಸವೆಲ್ಲ ನೆಲದ ಮೇಲೆಯೇ: ಕುದುರೆಯ ಹತ್ತಿರ ಹೋಗುವುದು, ಮಾಲೀಸು ಮಾಡುವುದು, ಗೊರಸು ಎತ್ತಿ ಕೆಸರು ಕೆರೆಯುವುದು, ಹಗ್ಗ ಹಿಡಿದು ನಡೆಸುವುದು. ಪಕ್ಕದಲ್ಲಿ ಇಬ್ಬರು ಇರುತ್ತಾರೆ. ಒಬ್ಬರು ತರಬೇತಿ ಪಡೆದ ಮನೋಚಿಕಿತ್ಸಕರು, ಇನ್ನೊಬ್ಬರು ಕುದುರೆಯ ಸ್ವಭಾವ ಬಲ್ಲವರು.

ಕುದುರೆಯೇ ಏಕೆ? ಅದು ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಗುವ ಪ್ರಾಣಿ. ತಲೆಯ ಎರಡೂ ಬದಿಯಲ್ಲಿರುವ ಕಣ್ಣುಗಳಿಂದ, ಹಣೆಯ ಎದುರು ಮತ್ತು ಬಾಲದ ಹಿಂದೆ ಸ್ವಲ್ಪ ಜಾಗ ಬಿಟ್ಟರೆ, ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಹತ್ತಿರ ಬಂದವರ ಉಸಿರು, ಬಿಗಿದ ದವಡೆ, ಹೆಜ್ಜೆಯ ಅವಸರ ಯಾವುದೂ ಅದರ ಗಮನ ತಪ್ಪುವುದಿಲ್ಲ. ಯುದ್ಧಭೂಮಿಯಿಂದ ಬಂದವರು ಬದುಕುವುದೂ ಹೀಗೆಯೇ, ಮೈಯೆಲ್ಲ ಕಣ್ಣಾಗಿ. ವ್ಯತ್ಯಾಸವಿರುವುದು ಮುಂದಿನ ಹಂತದಲ್ಲಿ. ಬೆದರಿದ ಕುದುರೆ ಅಪಾಯವಿಲ್ಲವೆಂದು ಖಾತ್ರಿಯಾದೊಡನೆ ತಲೆ ತಗ್ಗಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತದೆ. ಈ ಮನುಷ್ಯರಿಗೆ ಸಾಧ್ಯವಾಗದಿರುವುದು ಅದೊಂದೇ.

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದಂತೆ. ಇರಾಕಿನಲ್ಲಿ ಕೆಲಸ ಮಾಡಿ ಬಂದ ಒಬ್ಬರಿಗೆ ಗೊರಸು ಎತ್ತಿಸುವ ಕೆಲಸ ಬಂತು. ಕುದುರೆಯ ಭುಜದ ಪಕ್ಕ ಬಾಲದ ಕಡೆಗೆ ಮುಖ ಮಾಡಿ ನಿಂತು, ಕಾಲಿನುದ್ದಕ್ಕೂ ಕೈ ಸವರಿಕೊಂಡು ಇಳಿದು, ಗೊರಸಿನ ಮೇಲ್ಗಂಟಿನ ಹತ್ತಿರ ಮೆಲ್ಲಗೆ ಒತ್ತಿದರೆ ಕಾಲು ತಾನಾಗಿಯೇ ಮೇಲೆ ಬರುತ್ತದೆ. ಅವರು ಉಸಿರು ಬಿಗಿಹಿಡಿದು ಎಳೆದರು. ಕುದುರೆ ಆ ಕಾಲಿನ ಮೇಲೆಯೇ ಭಾರ ಹಾಕಿ ಕಂಬದ ಹಾಗೆ ನಿಂತಿತು. ಚಿಕಿತ್ಸಕಿ ಯುದ್ಧದ ಸುದ್ದಿ ಎತ್ತಲೇ ಇಲ್ಲ. "ನಿಮ್ಮ ಹೆಗಲು ಈಗ ಎಲ್ಲಿದೆ, ನೋಡಿಕೊಳ್ಳಿ" ಎಂದರಷ್ಟೆ. ಹೆಗಲು ಕಿವಿಯವರೆಗೆ ಏರಿತ್ತು. ಅವರು ಹೆಗಲಿಳಿಸಿ, ಉಸಿರು ಬಿಟ್ಟು ಮತ್ತೆ ಕೈ ಇಟ್ಟಾಗ ಕಾಲು ಎದ್ದಿತು. ಕೆಸರು ಕೆರೆಯುತ್ತ ಅವರು ಹೇಳಿದ ಮಾತು ಇದು: "ಮನೆಯಲ್ಲಿ ಬಾಗಿಲು ಹಾಕುವುದೂ ನಾನು ಹೀಗೆಯೇ. ಮಲಗಿದ ಮಗು ಎದ್ದು ಅಳುತ್ತದೆ." ಕೋಣೆಯೊಳಗೆ ಕುರ್ಚಿ ಹಾಕಿ ಕೂರಿಸಿ ಕೇಳಿದ್ದರೆ ಈ ಮಾತು ಅವರ ಬಾಯಿಂದ ಹೊರಡುತ್ತಿತ್ತೆಂದು ನನಗೆ ಅನಿಸುವುದಿಲ್ಲ.

(ವಿಡಿಯೊಗಳಲ್ಲಿ ಸೈನಿಕನ ಎದೆಗೆ ಕುದುರೆ ಮೂತಿ ಒತ್ತುತ್ತದಲ್ಲ, ಅರ್ಧಕ್ಕರ್ಧ ಅದು ಜೇಬಿನ ಕ್ಯಾರೆಟ್ ಹುಡುಕುತ್ತಿರುತ್ತದೆ.)

ಪುರಾವೆಯ ವಿಷಯಕ್ಕೆ ಬರೋಣ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಯುವಲ್ ನೇರಿಯಾ ಮತ್ತು ಪ್ರುಡೆನ್ಸ್ ಫಿಶರ್ ಅವರ ತಂಡ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಇದ್ದ 63 ಮಾಜಿ ಸೈನಿಕರಿಗೆ ವಾರಕ್ಕೊಮ್ಮೆ 90 ನಿಮಿಷದಂತೆ ಎಂಟು ವಾರ ಈ ಚಿಕಿತ್ಸೆ ಕೊಟ್ಟು ನೋಡಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಮುಗಿದ ಮೂರು ತಿಂಗಳ ಬಳಿಕವೂ ಸುಮಾರು ಅರ್ಧದಷ್ಟು ಜನರಲ್ಲಿ ಗಣನೀಯ ಸುಧಾರಣೆ ಉಳಿದಿತ್ತು. ನನ್ನ ಗಮನ ಸೆಳೆದದ್ದು ಬೇರೆ ಅಂಕಿ: ಮಧ್ಯದಲ್ಲಿ ಬಿಟ್ಟುಹೋದವರು ಐದೇ ಜನ. ಆಘಾತದ ನೆನಪನ್ನು ನೇರವಾಗಿ ಕೆದಕುವ ಚಿಕಿತ್ಸೆಗಳಲ್ಲಿ ಅರ್ಧದಾರಿಯಲ್ಲಿ ನಿಲ್ಲಿಸುವವರು ಬಹಳ. ಆದರೆ ಈ ಅಧ್ಯಯನದಲ್ಲಿ ಹೋಲಿಸಿ ನೋಡಲು ಕುದುರೆಯಿಲ್ಲದ ಇನ್ನೊಂದು ಗುಂಪು ಇರಲಿಲ್ಲ. ಸುಧಾರಣೆ ಕುದುರೆಯಿಂದ ಬಂತೋ, ವಾರಕ್ಕೊಮ್ಮೆ ತಮ್ಮಂಥವರೊಡನೆ ಬಯಲಿನಲ್ಲಿ ಕಳೆದದ್ದರಿಂದ ಬಂತೋ, ಅದರಿಂದ ಬೇರ್ಪಡಿಸಿ ಹೇಳಲಾಗದು. ಅಮೆರಿಕದ ಮಾಜಿ ಸೈನಿಕರ ಇಲಾಖೆ ಕುದುರೆ ಕಾರ್ಯಕ್ರಮಗಳಿಗೆ ಅನುದಾನ ಕೊಡುತ್ತದೆ ನಿಜ, ಆದರೆ ಪಿಟಿಎಸ್‌ಡಿಗೆ ಅದು ಮೊದಲು ಸೂಚಿಸುವುದು ಮನೋಚಿಕಿತ್ಸೆಯನ್ನೇ. ಅದೇ ಸರಿ ಎಂದು ನನ್ನ ಅಭಿಪ್ರಾಯ. ಬಾಯಿಬಿಡದ ಮನುಷ್ಯನನ್ನು ಚಿಕಿತ್ಸೆಯ ಹೊಸ್ತಿಲವರೆಗೆ ಕರೆತರುವ ಶಕ್ತಿ ಕುದುರೆಗಿದೆ. ಒಳಗಿನ ಕೆಲಸವನ್ನು ಬಲ್ಲವರೇ ಮಾಡಬೇಕು.

ಇದನ್ನು ಓದಿ ಅಣ್ಣನನ್ನು ಬೆಂಗಳೂರಿನ ಯಾವುದಾದರೂ ಸವಾರಿ ಶಾಲೆಗೆ ಸೇರಿಸಿದರೆ ಚಿಕಿತ್ಸೆಯಾಗಿಬಿಡುತ್ತದೆ ಎಂದುಕೊಳ್ಳಬೇಡಿ. ಮನೋಚಿಕಿತ್ಸಕರಿಲ್ಲದ ಕುದುರೆ ಒಳ್ಳೆಯ ಹವ್ಯಾಸ, ಅಷ್ಟೆ. ಅವರು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಸದಸ್ಯರಾಗಿದ್ದರೆ ಹತ್ತಿರದ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ಶಿಫಾರಸು ಪಡೆಯಬಹುದು. ನಿಮ್ಹಾನ್ಸ್ ಇದ್ದೇ ಇದೆ. ಆಸ್ಪತ್ರೆಯ ಹೆಸರೆತ್ತಿದರೆ ಸಿಟ್ಟಾಗುವವರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮೊದಲು ನೀವೇ ಕರೆ ಮಾಡಿ. ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡಿಲ್ಲ, ಮನೆಯವರು ಹೇಗೆ ನಡೆದುಕೊಳ್ಳಬೇಕೆಂದೂ ಕೇಳಬಹುದು. ಸಾಯುವ ಮಾತು ಆಡುತ್ತಿದ್ದಾರೆಂದರೆ ಇವತ್ತೇ ಮಾಡಿ. ಮತ್ತೆ, ಊರಲ್ಲಿ ಅವರ ರೆಜಿಮೆಂಟಿನ ಹಳೆಯ ಗೆಳೆಯರು ಯಾರಾದರೂ ಇದ್ದರೆ ಡಾಕ್ಟರ ಮಾತನ್ನು ಅವರ ಬಾಯಿಂದ ಹೇಳಿಸಿ. ತಂಗಿ ಹೇಳಿದ್ದಕ್ಕಿಂತ ಬೇಗ ಕಿವಿಗೆ ಬೀಳುತ್ತದೆ.