ಯೇಸುಸ್ವಾಮಿ ಬದುಕಿದ್ದರು ಎಂಬುದಕ್ಕೆ ಚರಿತ್ರೆಯ ಆಧಾರ ಕೊಟ್ಟು ವಾದಿಸಬಹುದೇ?

ನೀವು ಪುಣೆಯ ಹಾಸ್ಟೆಲ್ಲಿನಲ್ಲಿ ಇದ್ದೀರಿ. ಜೊತೆಯ ಹುಡುಗರು 'ಯೇಸು ಎಂಬ ಮನುಷ್ಯನೇ ಇರಲಿಲ್ಲ, ಯಾರೋ ಹೆಣೆದ ಕಥೆ' ಎನ್ನುತ್ತಾರೆ. ಅವರಿಗೆ ಇತಿಹಾಸದ ದಾಖಲೆ ಕೊಟ್ಟು ಉತ್ತರಿಸಬಹುದೇ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಖಂಡಿತ ಉತ್ತರಿಸಬಹುದು. ಆದರೆ ನಾನು ಎಡವಿದ ಜಾಗವನ್ನು ಮೊದಲು ಹೇಳುತ್ತೇನೆ. ಹೊಸದಾಗಿ ವಾದಕ್ಕೆ ಇಳಿದವರೆಲ್ಲ ಬಹುಮಟ್ಟಿಗೆ ಅಲ್ಲಿಯೇ ಎಡವುತ್ತಾರೆ.

ನಾನು ಉಡುಪಿ ಕಡೆಯವನು, ಮುಂಬಯಿ ಬಳಿಯ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬೆಳಗಿನ ಲೋಕಲ್ಲಿನಲ್ಲಿ ನನ್ನ ಜೊತೆ ಧಾರವಾಡದ ಗೆಳೆಯರೊಬ್ಬರು ಬರುತ್ತಾರೆ. ಮನೆತನದಿಂದ ಲಿಂಗಾಯತರು, ವಚನಗಳನ್ನು ಚೆನ್ನಾಗಿ ಓದಿಕೊಂಡವರು. ಒಮ್ಮೆ ನಾನು ಅವರಿಗೆ ಜೋಸೆಫಸನ ಒಂದು ವಾಕ್ಯವನ್ನು ಬಹಳ ಉತ್ಸಾಹದಿಂದ ತೋರಿಸಿದೆ. ಜೋಸೆಫಸ್ ಯೆಹೂದಿ ಇತಿಹಾಸಕಾರ, ಕ್ರೈಸ್ತನಲ್ಲ. ಕ್ರಿ.ಶ. 93ರ ಸುಮಾರಿಗೆ ಬರೆದು ಮುಗಿಸಿದ ತನ್ನ ಗ್ರಂಥದ 18ನೇ ಭಾಗದಲ್ಲಿ ಅವನು ಯೇಸುವನ್ನು ಕುರಿತು 'ಇವನೇ ಕ್ರಿಸ್ತನು' ಎಂದು ಬರೆದಿದ್ದಾನೆ, ಇನ್ನೇನು ಬೇಕು ಎಂದೆ.

ಎರಡು ದಿನ ಕಳೆದು ಅವರು ಊಟದ ಡಬ್ಬಿಯ ಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದರು. ಕಿಟಕಿಯ ಸರಳಿಗೆ ಒತ್ತಿ ಬಿಡಿಸಿ ಹಿಡಿದರು. ನಾನು ತೋರಿಸಿದ್ದ ಅದೇ ವಾಕ್ಯದ ಕೆಳಗೆ ಕೆಂಪು ಗೆರೆ ಇತ್ತು. "ಅಣ್ಣಾ, ಇದು ಪ್ರಕ್ಷಿಪ್ತ" ಎಂದರು.

ವಚನಗಳ ಸಂಪಾದನೆಯಲ್ಲಿ ಬಳಸುವ ಮಾತು ಅದು: ಮೂಲದಲ್ಲಿ ಇಲ್ಲದ್ದನ್ನು ಆಮೇಲೆ ಯಾರೋ ಸೇರಿಸಿದ್ದು. ಅವರು ಹೇಳಿದ್ದು ಸರಿಯಾಗಿತ್ತು. ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನನೇ, ಜೋಸೆಫಸ್ ಯೇಸುವನ್ನು ಕ್ರಿಸ್ತನೆಂದು ನಂಬಿರಲಿಲ್ಲ ಎಂದು ಬರೆದಿದ್ದಾನೆ. ನಂಬದವನು 'ಇವನೇ ಕ್ರಿಸ್ತನು' ಎಂದು ಬರೆಯುವುದು ಹೇಗೆ? ಯಾವುದೋ ಕಾಲದಲ್ಲಿ ಪ್ರತಿ ಮಾಡುತ್ತಿದ್ದ ಒಬ್ಬ ಕ್ರೈಸ್ತನ ಕೈಚಳಕ ಅದು. ಆ ಭಾಗದಲ್ಲಿ ಜೋಸೆಫಸನ ಸ್ವಂತ ಮಾತೂ ಒಂದಷ್ಟು ಉಳಿದಿದೆ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಆದರೆ ನಾನು ಎತ್ತಿ ಹಿಡಿದದ್ದು ಸೇರಿಸಿದ ಮಾತನ್ನೇ. ಅಂದು ನನಗಾದ ಸಂಕಟ ಈಗಲೂ ಮರೆತಿಲ್ಲ. ಸತ್ಯವೇ ತಾನೆಂದ ಸ್ವಾಮಿಯ ಪರವಾಗಿ, ತಿಳಿಯದೆಯೇ ಆದರೂ, ಸುಳ್ಳು ಸಾಕ್ಷಿಯನ್ನು ನಿಲ್ಲಿಸಿದ್ದೆ.

ವಾದದಲ್ಲಿ ಗೆದ್ದಾದ ಮೇಲೆ ಗೆಳೆಯರು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಮರುದಿನ ಅವರೇ ಇನ್ನೊಂದು ಮಾತು ತೆಗೆದರು. ಬಸವಣ್ಣನವರು ಬದುಕಿದ್ದು 12ನೇ ಶತಮಾನದಲ್ಲಿ. ಬಾಗೇವಾಡಿಯ ಮಾದಿರಾಜನ ಮಗನೆಂದು ಅವರ ಹೆಸರು ಸ್ಪಷ್ಟವಾಗಿ ಸಿಗುವ ಪ್ರಸಿದ್ಧ ಶಾಸನ ಬೆಳಗಾವಿ ಸೀಮೆಯ ಅರ್ಜುನವಾಡದ್ದು, ಅದರ ಕಾಲ 1260. ಹತ್ತಿರ ಹತ್ತಿರ ನೂರು ವರ್ಷ ತಡ. "ಹಾಗೆಂದು ಬಸವಣ್ಣನವರು ಇರಲೇ ಇಲ್ಲ ಎಂದರೆ ನಾನು ಒಪ್ಪುತ್ತೇನೆಯೇ? ವಚನಗಳಿವೆ, ಹರಿಹರನ ರಗಳೆ ಇದೆ, ಅವರನ್ನು ನೆನೆದು ಬದುಕಿದ ಜನ ಇದ್ದಾರೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಬೇಕು. ನಿಮ್ಮ ಯೇಸುವಿಗೂ ಅದೇ ತಕ್ಕಡಿ" ಎಂದರು. ಒಬ್ಬ ಶರಣರ ಮನೆಯವರು ನನಗೆ ಕಲಿಸಿದ ಈ ಪಾಠ ಯಾವ ಬೈಬಲ್ ತರಗತಿಯಲ್ಲೂ ಸಿಕ್ಕಿರಲಿಲ್ಲ.

ಆ ತಕ್ಕಡಿಯಲ್ಲಿ ಇಟ್ಟು ನೋಡೋಣ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 116ರ ಸುಮಾರಿನಲ್ಲಿ, 64ರ ರೋಮ್ ಬೆಂಕಿ ಅನಾಹುತದ ಬಗ್ಗೆ ಬರೆಯುತ್ತ, ನೀರೋ ಚಕ್ರವರ್ತಿ ತಪ್ಪನ್ನು ಕ್ರೈಸ್ತರ ಮೇಲೆ ಹೊರಿಸಿದನೆಂದೂ, ಆ ಹೆಸರಿಗೆ ಮೂಲನಾದ ಕ್ರಿಸ್ತನಿಗೆ ತಿಬೇರಿಯ ಚಕ್ರವರ್ತಿಯ ಆಳ್ವಿಕೆಯಲ್ಲಿ ಯೂದಾಯದ ರೋಮನ್ ಅಧಿಪತಿ ಪೊಂತ್ಯ ಪಿಲಾತನು ಮರಣದಂಡನೆ ವಿಧಿಸಿದನೆಂದೂ ಹೇಳುತ್ತಾನೆ. ಅವನಿಗೆ ಕ್ರೈಸ್ತರೆಂದರೆ ಅಸಹ್ಯ. ನಮ್ಮ ಪರ ಕಥೆ ಕಟ್ಟಲು ಅವನಿಗೆ ಯಾವ ಕಾರಣವೂ ಇರಲಿಲ್ಲ. ಪ್ಲಿನಿ ಎಂಬ ರೋಮನ್ ಅಧಿಕಾರಿ 112ರ ಸುಮಾರಿಗೆ ಟ್ರಾಜನ್ ಚಕ್ರವರ್ತಿಗೆ ಬರೆದ ಕಾಗದವೂ ಇದೆ: ಕ್ರೈಸ್ತರು ಗೊತ್ತುಪಡಿಸಿದ ದಿನ ಬೆಳಕು ಹರಿಯುವ ಮೊದಲೇ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಎಂದು. ಅದೇ ಕಾಗದದಲ್ಲಿ, ನಿಜ ಹೊರಡಿಸಲು ಕ್ರೈಸ್ತ ಸಭೆಯ ಸೇವಕಿಯರಾದ ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಒಳಪಡಿಸಿದ್ದಾಗಿ ಅವನೇ ಬರೆದುಕೊಂಡಿದ್ದಾನೆ. ಆ ಹೆಂಗಸರ ಹೆಸರನ್ನು ಅವನು ಬರೆದಿಲ್ಲ. ಆ ಸಾಲು ಓದುವಾಗಲೆಲ್ಲ ನನಗೆ ಮುಂದೆ ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದ ಹಳೆಯ ರಂಗಮಂದಿರದಲ್ಲಿ, ಮೆಟ್ಟಿಲಿಗೆ ಮರುಬಳಕೆಯಾಗಿದ್ದ ಸ್ಥಿತಿಯಲ್ಲಿ ಸಿಕ್ಕಿತು. ವಿಶ್ವಾಸ ಪ್ರಮಾಣದಲ್ಲಿ ನಾವು ಪ್ರತಿ ಭಾನುವಾರ ಹೇಳುವ ಹೆಸರು ಅದು. ಸಂತೋಷಪಡಿ, ಆದರೆ ಆ ಕಲ್ಲು ಹೇಳುವುದು ಪಿಲಾತನಿದ್ದನು ಎಂಬುದನ್ನು ಮಾತ್ರ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು, ಮೊದಲ ತಲೆಮಾರಿನ ಕ್ರೈಸ್ತ ಪ್ರಚಾರಕ ಪೌಲನು ಸಭೆಗಳಿಗೆ ಬರೆದ ಪತ್ರಿಕೆಗಳು. 'ಅದು ಬೈಬಲ್, ಅದನ್ನು ಆಧಾರವೆಂದು ಒಪ್ಪುವುದಿಲ್ಲ' ಎಂದು ನಿಮ್ಮ ಗೆಳೆಯರು ಹೇಳುತ್ತಾರೆ. ಒಂದು ಹೊಲಿಗೆಯೊಳಗೆ ಬರುವ ಮೊದಲು ಅವು ಬಿಡಿ ಕಾಗದಗಳು, ಜಗಳ ಬಿಡಿಸಲು, ದುಡ್ಡು ಕೂಡಿಸಲು, ಬೈಯಲು ಬರೆದವು. ಅವುಗಳ ಕಾಲವನ್ನು ತಿಳಿಯಲು ಹೊರಗಿನ ಆಧಾರವೂ ಇದೆ. ಕೊರಿಂಥದಲ್ಲಿ ಪೌಲನನ್ನು ರೋಮನ್ ಅಧಿಪತಿ ಗಲ್ಲಿಯೋನನ ನ್ಯಾಯಸ್ಥಾನಕ್ಕೆ ಎಳೆದೊಯ್ದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. ಗ್ರೀಸಿನ ಡೆಲ್ಫಿಯಲ್ಲಿ ದೊರೆತ ಶಾಸನದಿಂದ ಗಲ್ಲಿಯೋನನ ಅಧಿಕಾರಾವಧಿ ಕ್ರಿ.ಶ. 51-52ರ ಆಸುಪಾಸು ಎಂದು ಗೊತ್ತಾಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ ಅದಾದ ಕೆಲವೇ ವರ್ಷಗಳ ಮೇಲಿನದು. ಶಿಲುಬೆಯ ಮರಣವಾದದ್ದು 30 ಅಥವಾ 33ರಲ್ಲಿ ಎಂದಿಟ್ಟುಕೊಂಡರೆ ನಡುವೆ ಇಪ್ಪತ್ತು ಚಿಲ್ಲರೆ ವರ್ಷ. ನಾನು ಡೊಂಬಿವಲಿಗೆ ಬಂದ ದಿನ ಮಳೆಯಿತ್ತೋ ಬಿಸಿಲಿತ್ತೋ ಎಂದು ನನಗಿನ್ನೂ ನೆನಪಿದೆ, ಅಷ್ಟೇ ದೂರ.

ಆ ಪತ್ರಿಕೆಯ 15ನೇ ಅಧ್ಯಾಯದಲ್ಲಿ ಪೌಲನು, ತಾನು ಇತರರಿಂದ ಹೊಂದಿದ್ದನ್ನೇ ಒಪ್ಪಿಸಿದೆನೆಂದು ಹೇಳುತ್ತಾನೆ: ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದನು, ಕೇಫನಿಗೆ, ಅಂದರೆ ಶಿಷ್ಯ ಪೇತ್ರನಿಗೆ, ಕಾಣಿಸಿಕೊಂಡನು. ಆಮೇಲೆ ಐನೂರಕ್ಕಿಂತ ಹೆಚ್ಚು ಜನರ ಮಾತು ಬರುತ್ತದೆ. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಬಳಿಕ ಯಾಕೋಬ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ, ತಾನು ಯೆರೂಸಲೇಮಿಗೆ ಹೋಗಿ ಕೇಫನ ಬಳಿ ಹದಿನೈದು ದಿನ ಇದ್ದೆನೆಂದೂ ಕರ್ತನ ತಮ್ಮನಾದ ಯಾಕೋಬನನ್ನೂ ಕಂಡೆನೆಂದೂ ಬರೆದಿದ್ದಾನೆ. ಹದಿನೈದು ದಿನ ಒಂದೇ ಮನೆಯಲ್ಲಿ ಉಂಡು ಮಲಗಿದ ಇಬ್ಬರು ಬರೀ ಹವೆಯ ಬಗ್ಗೆ ಮಾತನಾಡಿರುವುದಿಲ್ಲ.

ಈ ಯಾಕೋಬನ ವಿಷಯ ಮತ್ತೆ ಜೋಸೆಫಸನ ಬಳಿಗೇ ತಂದು ನಿಲ್ಲಿಸುತ್ತದೆ. ಅದೇ ಗ್ರಂಥದ 20ನೇ ಭಾಗದಲ್ಲಿ 'ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ ಯಾಕೋಬ'ನನ್ನು ಮಹಾಯಾಜಕನೊಬ್ಬನು ಕಲ್ಲೆಸೆದು ಕೊಲ್ಲಿಸಿದನೆಂದಿದೆ. ನಡೆದದ್ದು 62ರಲ್ಲಿ. ಇಲ್ಲಿ ಹೊಗಳಿಕೆಯ ಒಂದು ಮಾತೂ ಇಲ್ಲ. 'ಎನಿಸಿಕೊಂಡ' ಎಂಬ ಆ ತಣ್ಣನೆಯ ಪದವನ್ನು ಭಕ್ತನಾದವನು ಸೇರಿಸಿರುವ ಸಂಭವ ಕಡಿಮೆ. ಬಹುಪಾಲು ವಿದ್ವಾಂಸರು ಈ ಸಾಲನ್ನು ಒಪ್ಪುವುದೂ ಅದಕ್ಕೇ. ಯೇಸುವಿನ ತಮ್ಮಂದಿರೇ ಅವನನ್ನು ನಂಬಿರಲಿಲ್ಲವೆಂದು ಯೋಹಾನನ ಸುವಾರ್ತೆ ಮುಚ್ಚಿಡದೆ ಹೇಳುತ್ತದೆ. ಅಣ್ಣನನ್ನು ನಂಬದ ತಮ್ಮ ಅಣ್ಣನ ಹೆಸರಿಟ್ಟುಕೊಂಡ ಸಭೆಗೆ ಹಿರಿಯನಾಗಿ ಕಲ್ಲೇಟು ತಿಂದು ಸತ್ತ. ನಡುವೆ ಅವನಿಗೆ ಏನಾಯಿತು? ಪೌಲನು ಕೊಡುವ ಉತ್ತರ ಒಂದೇ: ಯಾಕೋಬನಿಗೆ ಕಾಣಿಸಿಕೊಂಡನು.

ಇಷ್ಟರವರೆಗೆ ಕಾಗದ, ಕಲ್ಲುಗಳು ನಿಮ್ಮ ಕೈ ಹಿಡಿದು ತರುತ್ತವೆ. ಯೇಸು ಬದುಕಿದ್ದರು, ಪಿಲಾತನ ಕಾಲದಲ್ಲಿ ಶಿಲುಬೆಗೇರಿದರು, ಬಹು ಬೇಗನೆ ಅವರ ಜನ ಅವರನ್ನು ಜೀವಂತವಾಗಿ ಕಂಡೆವೆಂದು ಸಾರಿದರು. ದೇವರನ್ನು ನಂಬದ ಇತಿಹಾಸಕಾರರೂ ಇದನ್ನು ಒಪ್ಪುತ್ತಾರೆ. ಎದ್ದದ್ದು ನಿಜ ಎಂದು ನಾನು ನಂಬುತ್ತೇನೆ, ಪ್ರಾಣವಿಟ್ಟು ನಂಬುತ್ತೇನೆ. ಆದರೆ ಅದನ್ನು ಶಾಸನದ ಹಾಗೆ ಅಚ್ಚೊತ್ತಿ ತೋರಿಸಬಲ್ಲೆ ಎಂದು ಗೆಳೆಯರ ಮುಂದೆ ಹೇಳುವುದಿಲ್ಲ. ನೀವೂ ಹೇಳಬೇಡಿ.

ಯೇಸುವಿನ ದೇಹಕ್ಕೆ ಸುತ್ತಿದ್ದೆಂದು ಕೆಲವರು ನಂಬುವ ಟೂರಿನ್ನಿನ ಹೆಣವಸ್ತ್ರವನ್ನು ವಾದಕ್ಕೆ ತರಬೇಡಿ. 1988ರ ಕಾರ್ಬನ್ ಪರೀಕ್ಷೆ ಅದನ್ನು 1260ರಿಂದ 1390ರ ನಡುವಿನದೆಂದಿತು. ಲೂಕನು ಹೇಳುವ ಕುರೇನ್ಯನ ಜನಗಣತಿಯ ತೊಡಕನ್ನು ಅವರು ಕೇಳುವ ಮೊದಲು ನೀವೇ ಹೇಳಿಬಿಡಿ: ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ ಎಂದು ಸುವಾರ್ತೆಯಲ್ಲಿದೆ, ಸಿರಿಯದ ಅಧಿಪತಿ ಕುರೇನ್ಯನು ಮಾಡಿಸಿದ ಗಣತಿಯ ಹೊತ್ತಿಗೆ ಎಂದು ಲೂಕನು ಹೇಳುತ್ತಾನೆ. ಹೆರೋದನು ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನವರು ಲೆಕ್ಕ ಹಾಕುತ್ತಾರೆ, ಜೋಸೆಫಸನ ಪ್ರಕಾರ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಇದಕ್ಕೆ ಕೊಡುವ ಸಮಾಧಾನಗಳಲ್ಲಿ ಒಂದೂ ನನಗೆ ಪೂರ್ತಿ ಹಿಡಿಸಿಲ್ಲ.

'ಈ ಧರ್ಮ ಪೋರ್ಚುಗೀಸರ ಜೊತೆ ಬಂದದ್ದು' ಎಂಬ ಮಾತೂ ಬರುತ್ತದೆ. ನಾನು ದಿನವೂ ದಾಟುವ ಠಾಣೆಯಲ್ಲಿ 1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಹತರಾದರು. ವಾಸ್ಕೋ ಡ ಗಾಮ ಬರಲು ಇನ್ನೂ 177 ವರ್ಷಗಳಿದ್ದವು. ಆರನೇ ಶತಮಾನದ ಗ್ರೀಕ್ ಪ್ರವಾಸಿ ಕಾಸ್ಮಾಸ್, ಕಲ್ಲಿಯಾನ ಎಂಬ ಊರಿನಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದನೆಂದು ಬರೆದಿದ್ದಾನೆ. ಅದು ಡೊಂಬಿವಲಿಯ ಮುಂದಿನ ಕಲ್ಯಾಣವೇ ಎಂದು ಅನೇಕರು ಗುರುತಿಸುತ್ತಾರೆ.

ಶುರು ಎಲ್ಲಿಂದ ಎಂದಿರಲ್ಲ: ಗಲಾತ್ಯದವರಿಗೆ ಬರೆದ ಪತ್ರಿಕೆ ಆರೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ. ಗೆಳೆಯರನ್ನೂ ಕೂರಿಸಿಕೊಂಡು ಓದಿ. ಜೋಸೆಫಸನ ಆ 18ನೇ ಭಾಗಕ್ಕೆ ಬಂದಾಗ ಕೆಂಪು ಗೆರೆಯನ್ನು ನೀವೇ ಎಳೆದು ತೋರಿಸಿ.