ಮಾತು ತಡವಾದ ಮಗುವಿಗೆ ಬಜೆ, ಬ್ರಾಹ್ಮಿ ಸಾಕೇ?

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ‘ಅಮ್ಮ’, ‘ಬಾ’, ‘ಬೇಡ’ ಎಂಬ ಮೂರ್ನಾಲ್ಕು ಮಾತುಗಳನ್ನು ಬಿಟ್ಟರೆ ಬೇರೇನೂ ಆಡುವುದಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆ, ಇಲ್ಲವೇ ನನ್ನ ಕೈ ಹಿಡಿದು ಎಳೆದೊಯ್ಯುತ್ತಾನೆ. ಅತ್ತೆಯವರು ದಿನವೂ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ. ಪರಿಚಿತರೊಬ್ಬರು ಸಾರಸ್ವತಾರಿಷ್ಟ ಕುಡಿಸಿ ಎನ್ನುತ್ತಾರೆ. ಇನ್ನೊಬ್ಬರು ಗಂಡುಮಕ್ಕಳಿಗೆ ಮಾತು ನಿಧಾನ, ಕಾಯಿರಿ ಎನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಖಚಿತವಾದ ಔಷಧವಿದೆಯೇ?

ಉತ್ತರ: ಮೊದಲು ಮಗುವಿನ ಶ್ರವಣ ಪರೀಕ್ಷೆ ಮಾಡಿಸಿ, ಔಷಧದ ವಿಚಾರ ಆಮೇಲೆ. ಕರೆದಾಗ ತಿರುಗಿ ನೋಡುತ್ತಾನೆ, ಆದ್ದರಿಂದ ಕಿವಿ ಸರಿಯಿದೆ ಎಂದು ಬಹಳ ಪೋಷಕರು ನಂಬಿರುತ್ತಾರೆ. ಆದರೆ ಭಾಗಶಃ ಕಿವುಡಿರುವ ಮಗು, ಅಥವಾ ಪದೇಪದೇ ನೆಗಡಿಯಾಗಿ ಕಿವಿಯ ಒಳಭಾಗದಲ್ಲಿ ದ್ರವ ಕಟ್ಟಿಕೊಂಡಿರುವ ಮಗು, ಬಾಗಿಲು ಬಡಿದ ಸದ್ದಿಗೆ ತಿರುಗಿದರೂ ‘ಸ’, ‘ಫ’ದಂತಹ ಮೆಲುದನಿಗಳನ್ನು ಹಿಡಿಯಲಾರದು. ಮಗು ಮಲಗಿರುವಾಗಲೇ ಮಾಡಬಹುದಾದ ಪರೀಕ್ಷೆಗಳಿರುವುದರಿಂದ, ಇನ್ನೂ ಚಿಕ್ಕವನು ಎಂದು ಮುಂದೂಡಬೇಕಾದ ಕಾರಣವಿಲ್ಲ.

ಕಾಯಿರಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಗಂಡುಮಕ್ಕಳಲ್ಲಿ ಮಾತು ತುಸು ತಡವಾಗುವುದುಂಟು ಎಂಬುದು ನಿಜವಾದರೂ, ಎರಡು ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳ ಬಾಯಲ್ಲಿ ಸುಮಾರು 50 ಪದಗಳಿದ್ದು, ‘ಅಮ್ಮ ಬಾ’ ಎಂಬಂತೆ ಎರಡೆರಡು ಪದಗಳು ಜೊತೆಗೂಡುತ್ತಿರುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಮಗನನ್ನು ಮಕ್ಕಳ ವೈದ್ಯರಿಗೂ ವಾಕ್ ಚಿಕಿತ್ಸಕರಿಗೂ ಈಗಲೇ ತೋರಿಸಬೇಕು. ಆಡಿದ್ದ ಮಾತನ್ನು ಮಗು ಮರೆತುಬಿಟ್ಟಿದ್ದರಂತೂ ಯಾವ ವಯಸ್ಸಿನಲ್ಲೂ ತಡಮಾಡಬಾರದು. ಬೆರಳು ಮಾಡಿ ತೋರಿಸುತ್ತಾನೆ ಎಂದು ಬರೆದಿದ್ದೀರಿ. ಅದು ಒಳ್ಳೆಯ ಲಕ್ಷಣ. ಹಾಗೆ ತೋರಿಸುವಾಗ ನಿಮ್ಮ ಮುಖವನ್ನೂ ನೋಡುತ್ತಾನೆಯೇ, ಅಥವಾ ನಿಮ್ಮ ಕಡೆಗೆ ದೃಷ್ಟಿಯನ್ನೇ ಹಾಯಿಸದೆ ಕೈಯನ್ನು ಮಾತ್ರ ಎಳೆದೊಯ್ಯುತ್ತಾನೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸಿ. ಆಟಿಸಂ (ಇತರರೊಡನೆ ಬೆರೆಯುವುದಕ್ಕೆ ತೊಡಕಾಗುವ ಬೆಳವಣಿಗೆಯ ಸಮಸ್ಯೆ) ಇದೆಯೋ ಇಲ್ಲವೋ ಎಂದು ನಿರ್ಧರಿಸುವಾಗ ಈ ವಿವರ ಅವರಿಗೆ ಬಹಳ ಮುಖ್ಯ.

ಇನ್ನು ಆಯುರ್ವೇದದ ವಿಚಾರ. ಮಾತಿನ ಪ್ರವೃತ್ತಿಯನ್ನು ನಮ್ಮ ಶಾಸ್ತ್ರ ಉದಾನವಾತದ, ಎಂದರೆ ಎದೆ, ಗಂಟಲುಗಳಲ್ಲಿ ಮೇಲ್ಮುಖವಾಗಿ ಚಲಿಸುವ ವಾಯುವಿನ, ಕಾರ್ಯವೆಂದು ಹೇಳುತ್ತದೆ. ಕಫದಿಂದ ಕೂಡಿದ ವಾಯು ಶಬ್ದವಾಹಿನಿ (ಮಾತನ್ನು ಹೊರುವ) ಧಮನಿಗಳನ್ನು ಆವರಿಸಿದಾಗ ಮೂಕತ್ವ (ಮಾತೇ ಬಾರದಿರುವುದು), ಮಿನ್ಮಿನತ್ವ (ಮೂಗಿನಿಂದ ಮಾತಾಡುವುದು), ಗದ್ಗದತ್ವ (ತೊದಲು, ಅಸ್ಪಷ್ಟ ಮಾತು) ಉಂಟಾಗುತ್ತವೆ ಎಂದು ಸುಶ್ರುತಸಂಹಿತೆ ಬೇರೆಬೇರೆಯಾಗಿ ಹೆಸರಿಸುತ್ತದೆ. ಮಂಡೂಕಪರ್ಣಿ (ನಮ್ಮ ಒಂದೆಲಗ, ಹಲವರು ಬ್ರಾಹ್ಮಿ ಎನ್ನುವುದೂ ಇದನ್ನೇ), ಯಷ್ಟಿಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ ಎಂಬ ನಾಲ್ಕನ್ನು ಚರಕಸಂಹಿತೆ ಮೇಧ್ಯ ರಸಾಯನಗಳೆಂದು ಕರೆಯುತ್ತದೆ. ಇವು ಬುದ್ಧಿ, ಸ್ಮೃತಿಗಳ ಪೋಷಣೆಗೆ ಹೇಳಿದ ದ್ರವ್ಯಗಳು. ಮಗುವಿನ ಜೀರ್ಣಶಕ್ತಿಯನ್ನು ನೋಡಿ ಕೌಮಾರಭೃತ್ಯ (ಆಯುರ್ವೇದದ ಮಕ್ಕಳ ಚಿಕಿತ್ಸಾ ವಿಭಾಗ) ಬಲ್ಲ ವೈದ್ಯರು ಇವುಗಳಲ್ಲಿ ಯಾವುದನ್ನಾದರೂ ವಾಕ್ ಚಿಕಿತ್ಸೆಯ ಜೊತೆಗೆ ಕೊಟ್ಟಾರು. ಆದರೆ ಕಿವಿ ಕೇಳಿಸದ ಮಗುವಿಗೆ ಇವು ಮಾತನ್ನು ಕಲಿಸಲಾರವು. ಆದ್ದರಿಂದ ಖಚಿತವಾದ ಔಷಧವೆಂದು ಯಾವುದನ್ನೂ ಹೆಸರಿಸುವಂತಿಲ್ಲ.

ಬಜೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶಾಸ್ತ್ರದಲ್ಲಿ ವಚಾ ಎಂದು ಹೊಗಳಿಸಿಕೊಂಡ ಬೇರು ಇದೇ ಆದರೂ, ಪ್ರಮಾಣ ಮೀರಿದರೆ ವಾಂತಿ ಬರಿಸುವುದು ಅದರ ಗುಣ. ಕಲ್ಲಿನ ಮೇಲೆ ತೇಯ್ದದ್ದರಲ್ಲಿ ಇವತ್ತು ಎಷ್ಟು ಹೋಯಿತು, ನಿನ್ನೆ ಎಷ್ಟು ಹೋಗಿತ್ತು ಎಂಬ ಲೆಕ್ಕ ಯಾರಲ್ಲೂ ಇರುವುದಿಲ್ಲ. ಅದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್‌ಕಾರಕವೆಂದು ಕಂಡುಬಂದದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ದಿನನಿತ್ಯ ಸವರುವುದನ್ನು ನಿಲ್ಲಿಸುವಂತೆ ಅತ್ತೆಯವರಿಗೆ ಸಮಾಧಾನದಿಂದ ಹೇಳಿ. ಸಾರಸ್ವತಾರಿಷ್ಟದಲ್ಲಿ ಬಜೆಯೂ ಇದೆ, ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಾಂಶವೂ ಇದೆ. ಎರಡು ವರ್ಷದ ಮಗುವಿಗೆ ಅದನ್ನು ನೀವಾಗಿಯೇ ಕುಡಿಸಬೇಡಿ. ಸ್ವರ್ಣಪ್ರಾಶನದ (ಚಿನ್ನವನ್ನು ತೇಯ್ದು ಜೇನು, ತುಪ್ಪದೊಡನೆ ಮಗುವಿಗೆ ನೆಕ್ಕಿಸುವ ಕ್ರಮ) ಬಗ್ಗೆ ಕೇಳಿಲ್ಲವಾದರೂ ನಾಳೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಶ್ಯಪಸಂಹಿತೆ ಅದಕ್ಕೆ ಹೇಳಿದ ಫಲ ಮೇಧಾಶಕ್ತಿ ಮತ್ತು ಕೇಳಿದ್ದನ್ನು ನೆನಪಿಡುವ ಶಕ್ತಿಯೇ ಹೊರತು ಮಾತು ಬರಿಸುವುದಲ್ಲ. ಎಣ್ಣೆ ಅಥವಾ ತುಪ್ಪವನ್ನು ಮೂಗಿಗೆ ಬಿಡುವ ನಸ್ಯವನ್ನು ಏಳು ವರ್ಷದೊಳಗೆ, ಬಾಯಿ ಮುಕ್ಕಳಿಸುವ ಕವಲವನ್ನು ಐದು ವರ್ಷದೊಳಗೆ ಮಾಡಬಾರದೆಂದು ಆಯುರ್ವೇದದ ಪ್ರಾಚೀನ ಗ್ರಂಥಕಾರ ವಾಗ್ಭಟನೇ ನಿಷೇಧಿಸಿದ್ದಾನೆ. ಕಿವಿಗೆ ಎಣ್ಣೆ ಬಿಡುವುದೂ ಬೇಡ. ಕಿವಿ ಸೋರುತ್ತಿದ್ದರೆ ಅಥವಾ ಕಿವಿಯ ತಮಟೆ ಹರಿದಿದ್ದರೆ ಅಪಾಯವೇ ಹೆಚ್ಚು.

ನಿಸ್ಸಂಕೋಚವಾಗಿ ನಾನು ಹೇಳುವ ಆಯುರ್ವೇದ ಕ್ರಮವೆಂದರೆ ಅಭ್ಯಂಗ. ಎಣ್ಣೆಗೆ ಮಾತು ಬರಿಸುವ ಶಕ್ತಿಯಿದೆ ಎಂದಲ್ಲ. ಸ್ನಾನಕ್ಕೆ ಮುನ್ನ ಉಗುರುಬೆಚ್ಚಗಿನ ಎಣ್ಣೆ ಹಚ್ಚುವ ಆ ಕಾಲು ಗಂಟೆಯಲ್ಲಿ ತಾಯಿಯ ಮುಖ ಮಗುವಿನ ಮುಖಕ್ಕೆ ನೇರವಾಗಿ, ತೀರ ಹತ್ತಿರದಲ್ಲಿರುತ್ತದೆ. ಕಾಲಿಗೆ ಹಚ್ಚುವಾಗ ‘ಕಾಲು’ ಎನ್ನಿ, ಇನ್ನೊಂದು ಕಾಲನ್ನು ಹಿಡಿದು ಸುಮ್ಮನೆ ಕಾಯಿರಿ. ಅವನು ‘ಕಾ’ ಎಂದರೂ, ಕಾಲು ಎತ್ತಿದರೂ ಅದನ್ನು ಉತ್ತರವೆಂದೇ ಭಾವಿಸಿ ‘ಹೌದು, ಕಾಲು, ಪುಟ್ಟ ಕಾಲು’ ಎಂದು ಒಂದು ಪದ ಸೇರಿಸಿ ಹಿಂತಿರುಗಿಸಿ. ‘ಹೇಳು, ಹೇಳು’ ಎಂದು ಪೀಡಿಸಬೇಡಿ. ನೀರು ಬೇಕೆಂದು ಕೈ ತೋರಿಸಿದಾಗಲೂ ಲೋಟವನ್ನು ಹಿಡಿದು ‘ನೀರು’ ಎಂದು ಕ್ಷಣ ಕಾಯಿರಿ, ಅಳುವವರೆಗೆ ಕಾಯಿಸಬೇಡಿ. ಮೊಬೈಲಿನ ಹಾಡು ಎಷ್ಟು ಪದಗಳನ್ನು ಕೇಳಿಸಿದರೂ ಮಗುವಿನ ಸರದಿಗಾಗಿ ಕಾಯುವುದಿಲ್ಲ. ಈ ವಯಸ್ಸಿಗೆ ಮೊಬೈಲ್, ಟಿವಿ ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ, ಮಾತು ಕಡಿಮೆ. ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತದೆಯೇ? ಮನೆಯಲ್ಲಿ ಎರಡು ಭಾಷೆ ಆಡುವುದೂ ಕಾರಣವಿರಬಹುದೇ?

ಉತ್ತರ: ಆ ದಾರ ಬಿಗಿಯಾಗಿದ್ದರೆ ಕೆಲವು ಅಕ್ಷರಗಳ ಉಚ್ಚಾರ ತೊಡಕಾಗಬಹುದು, ಆದರೆ ಪದಗಳೇ ಹುಟ್ಟದಿರಲು ಅದು ಕಾರಣವಲ್ಲ. ವಾಕ್ ಚಿಕಿತ್ಸಕರು ನೋಡಿ ಹೇಳದ ಹೊರತು ಕತ್ತರಿಸಲು ಒಪ್ಪಬೇಡಿ. ಎರಡು ಭಾಷೆಗಳಿಂದ ಮಾತು ತಡವಾಗುವುದಿಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಿ, ಆ ಪಟ್ಟಿಯನ್ನು ಬರೆದು ಚಿಕಿತ್ಸಕರ ಬಳಿಗೆ ಒಯ್ಯಿರಿ; ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಅವಳೊಡನೆ ಮಾತಾಡುತ್ತಿರಿ.